ಫ್ರಾನ್ಸನ್ನು ಸಮುದ್ರದ ಕಡೆ ಇಟ್ಟದ್ದು

ಸ್ವಿಟ್ಜರ್‌ಲೆಂಡ್ ಎಂಬ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ದೇಶ ನನಗೇನೂ ಅನ್ಯಾಯ ಮಾಡಿದ್ದಲ್ಲ. ಅದರ ಹಿಮ, ಅದರ ಹಸು, ಅದರ ಚಾಕಲೇಟು ಎಲ್ಲ ಅದರ ಹತ್ತಿರವೇ ಇರಲಿ. ಆದರೆ ಭೂಮಿಯ ಮೇಲೆ ಅಷ್ಟೊಂದು ದೇಶಗಳಿರುವಾಗ, ಒಂದು ಬೊಗಸೆ ಉಪ್ಪುನೀರೂ ಇಲ್ಲದ ಆ ದೇಶವೇ ನನ್ನ ಮೊಮ್ಮಗಳ ಪಾಲಿಗೆ ಬರಬೇಕಿತ್ತೆ? ಅದರಿಂದಾಗಿ ಬೀಗಿತಿಗೂ ನನಗೂ ಬಿದ್ದ ಜಗಳ ಸಣ್ಣದಲ್ಲ. ಆ ಜಗಳದ ಕೊನೆಯಲ್ಲಿ ನನಗೆ ಸಿಕ್ಕ ಸಂತೋಷವೂ ಸಣ್ಣದಲ್ಲ. ಅದನ್ನು ಎಲ್ಲಿಯಾದರೂ ಇಳಿಸದಿದ್ದರೆ ನನಗೆ ತಡೆಯಲಾಗದು. ಆದ್ದರಿಂದ, ನಾಲ್ಕನೇ ಕ್ಲಾಸಿನ ನನ್ನ ಕನ್ನಡದಲ್ಲಿ, ಬಂದ ಹಾಗೆ ಬರೆಯುತ್ತೇನೆ.

ಮಗಳ ಎರಡನೆಯ ಬಾಣಂತನಕ್ಕೆಂದು ನಾನು ಕತಾರಿಗೆ ಬಂದದ್ದು. ಅಳಿಯನಿಗೆ ಮೆಸಯೀದ್‌ನ ಕಾರ್ಖಾನೆಯಲ್ಲಿ ಕೆಲಸ, ವಾಸಕ್ಕೆ ಕಂಪನಿಯ ಮನೆ. ಒಂದು ಕಿಟಕಿಯಲ್ಲಿ ಸಮುದ್ರ ಒಂದು ನೀಲಿ ಗೆರೆಯ ಹಾಗೆ ಕಾಣುತ್ತದೆ, ಅದರ ಎದುರಿನ ಕಿಟಕಿಯಲ್ಲಿ ಬರೀ ಮರಳು. ನಾನು ಬಂದು ಮಗುವಿಗೆ ಎಣ್ಣೆ ಸ್ನಾನ, ಮಗಳಿಗೆ ಕಾಳುಮೆಣಸಿನ ಸಾರು ಎಂದು ಮನೆಯನ್ನು ಒಂದು ಹದಕ್ಕೆ ತರುವಷ್ಟರಲ್ಲಿ ಅಳಿಯನ ತಾಯಿಯೂ ಬಂದು ಇಳಿದಳು. ಮೊಮ್ಮಗನ ಮುಖ ನೋಡಿ ಹೋಗುತ್ತೇನೆ ಎಂದು ಬಂದವಳಿಗೆ ನೋಡಿ ಮುಗಿಯಲೇ ಇಲ್ಲ. ಎದುರಿಗೆ ನಾನು ಅವಳಿಗೆ 'ನೀವು' ಎನ್ನುತ್ತೇನೆ. ಬರೆಯುವ ಕೈ ನನ್ನದು, ಇಲ್ಲಿ 'ಅವಳು' ಎಂದೇ ಬರೆಯುತ್ತೇನೆ.

ನಮ್ಮಿಬ್ಬರಿಗೂ ಮೊಮ್ಮಗಳ ಕೋಣೆಯಲ್ಲೇ ಹಾಸಿಗೆ. ಹುಡುಗಿ ನಡುವೆ, ನಾವು ಆಚೆ ಈಚೆ. ಬೀಗಿತಿ ಎಸಿಯನ್ನು ಮಂಜುಗಡ್ಡೆ ಮಾಡುತ್ತಾಳೆ, ನಾನು ಏಳುತ್ತೇನೆ, ಕಡಿಮೆ ಮಾಡುತ್ತೇನೆ, ಅವಳು ಏಳುತ್ತಾಳೆ. ತುಳು ಅವಳಿಗೆ ನನ್ನಷ್ಟೇ ಬರುತ್ತದೆ. ಆದರೂ ನನ್ನೊಡನೆ ಕನ್ನಡದಲ್ಲೇ ಮಾತು. ಕನ್ನಡದಲ್ಲಿ ಬೈದರೆ ಮರ್ಯಾದೆ ಉಳಿಯುತ್ತದೆ ಎಂದು ಅವಳ ಲೆಕ್ಕ. ಅವಳ ಗಂಡನದು ಅಕ್ಕಿ ಬೆಲ್ಲ ಮಾರುವ ಜೀನಸಿನ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಫ್ಯಾನಿನ ಕೆಳಗೆ ಕೂತು ಬಾಳಿದವಳು. ನಾನು ಬಂದರಿನ ದಕ್ಕೆಯಲ್ಲಿ ಮೀನು ಏಲಂ ಹಿಡಿದು, ಬುಟ್ಟಿ ತಲೆಗೇರಿಸಿ, ಮಾರ್ಕೆಟಿನ ಕಟ್ಟೆಯಲ್ಲಿ ಕೂತು ಮಾರಿದವಳು. ಹಾಗೆ ಮಾರಿಯೇ ಮಗಳನ್ನು ಓದಿಸಿದ್ದು. ಬೀಗಿತಿಗೆ ಮೀನು ಬೇಕು, ಮೀನು ಮಾರಿದವಳು ಬೇಡ. ಇಲ್ಲಿ ಯಾರಾದರೂ ಮನೆಗೆ ಬಂದರೆ, ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಡುತ್ತಾಳೆ, "ಇವರು ನಮ್ಮ ಸೊಸೆಯ ತಾಯಿ, ಊರಲ್ಲಿ ಬಿಸಿನೆಸ್ ಇತ್ತು."

ಒಂದು ದಿನ ಮೊಮ್ಮಗಳು ಶಾಲೆಯಿಂದ ಕುಣಿಯುತ್ತಾ ಬಂದಳು. ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನವಂತೆ. ಪ್ರತಿ ಮಗುವಿಗೂ ಒಂದೊಂದು ದೇಶ ಕೊಟ್ಟಿದ್ದಾರೆ. ಮಗುವೂ ಮನೆಯ ಒಬ್ಬ ಹಿರಿಯರೂ ಸ್ಟೇಜಿನ ಮೇಲೆ ಒಟ್ಟಿಗೆ ಕೂತು ಆ ದೇಶದ ಬಗ್ಗೆ ಉತ್ತರ ಹೇಳಬೇಕು. ಮಗುವಿಗೊಂದು ಕುರ್ಚಿ, ಹಿರಿಯರಿಗೆ ಒಂದೇ ಒಂದು ಕುರ್ಚಿ.

ಮಗಳೂ ಅಳಿಯನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಅಜ್ಜಿಯಂದಿರಿಗೆ ಒಂದು ಕುರ್ಚಿ ಎಂದರೆ ಆ ಮನೆಯಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

"ತಂದೆಯ ತಾಯಿ ಹೋಗುವುದು ಕ್ರಮ" ಎಂದಳು ಬೀಗಿತಿ.

"ಕ್ರಮ ಎಂತದ್ದು? ಮದುವೆಯ ಮಂಟಪವಾ ಅದು?" ಎಂದೆ.

"ನಾನು ಏಳನೇವರೆಗೆ ಓದಿದ್ದೇನೆ."

"ಓದಿ ಎಂತ ಮಾಡಿದ್ರಿ? ಬೆಲ್ಲ ತೂಗಿದ್ರಿ."

ಅಳಿಯ ಪಾಪ, ಫೋನ್ ಬಂತು ಎಂದು ಹೊರಗೆ ಹೋದ. ಫೋನ್ ಬಂದಿರಲಿಲ್ಲ.

ಆ ರಾತ್ರಿಯಿಂದಲೇ ಇಬ್ಬರೂ ಸ್ವಿಟ್ಜರ್‌ಲೆಂಡ್ ಕಲಿಯಲು ಶುರು ಮಾಡಿದೆವು. ಹುಡುಗಿಯ ಪುಸ್ತಕ ಇಂಗ್ಲಿಷಿನದು. ಬೀಗಿತಿ ಸೋಫಾದ ಮೇಲೆ ಕೂತು, ಕನ್ನಡಕ ಹಾಕಿ, "ಓದು ಪುಟ್ಟ" ಎನ್ನುವುದು. ಹುಡುಗಿ ಎರಡು ಗೆರೆ ಓದುವಷ್ಟರಲ್ಲಿ ಕನ್ನಡಕದ ಹಿಂದೆ ಕಣ್ಣು ಮುಚ್ಚಿರುತ್ತಿತ್ತು. ಆಗ ಹುಡುಗಿ ಅಡುಗೆಮನೆಗೆ ನನ್ನ ಹತ್ತಿರ ಬರುತ್ತಿದ್ದಳು. ನಾನು ಬಂಗುಡೆ ಕೊಯ್ಯುತ್ತಾ ಕೇಳುತ್ತಿದ್ದೆ.

"ಅಜ್ಜಿ, ಈ ಕಂಟ್ರಿಗೆ ಸೀ ಇಲ್ಲ."

"ಎಲ್ಲಿಯೂ ಇಲ್ವಾ? ಒಂದು ಮೂಲೆಯಲ್ಲಿ?"

"ಇಲ್ಲ ಅಜ್ಜಿ. ಸುತ್ತ ಬೇರೆ ಕಂಟ್ರಿಗಳು. ನಡುವೆ ಇದು."

"ಥೂ! ಅದೂ ಒಂದು ದೇಶವಾ? ಹಾಗಾದರೆ ಅವರು ಎಂತ ತಿನ್ನುವುದು?"

"ಚೀಸ್."

"ದಿನಾ?"

ಹುಡುಗಿ ನಕ್ಕು ಸ್ಟೂಲಿನಿಂದ ಬೀಳುವುದರಲ್ಲಿದ್ದಳು. ನನಗೆ ಸಿಟ್ಟು ಬಂದಷ್ಟೂ ಅವಳಿಗೆ ಖುಷಿ. ಆ ಸಿಟ್ಟಿನಿಂದಲೇ ನನಗೆ ಎಲ್ಲವೂ ನೆನಪಿನಲ್ಲಿ ಉಳಿಯಿತು. ತೆಂಕಿಗೆ ಆಲ್ಪ್ಸ್ ಎಂಬ ದೊಡ್ಡ ಬೆಟ್ಟಗಳ ಸಾಲು. ಪಡುವಿಗೆ ಜೂರಾ ಎಂಬ ಸಣ್ಣ ಬೆಟ್ಟಗಳು. ನಡುವೆ ಇರುವ ತಗ್ಗು ಜಾಗದಲ್ಲೇ ಹೆಚ್ಚಿನ ಜನರ ವಾಸ. ರೈನ್ ಎಂಬ ನದಿ ಅಲ್ಲೇ ಹುಟ್ಟಿ, ಅಲ್ಲಿ ಸಮುದ್ರ ಸಿಗದೆ, ಬೇರೆಯವರ ದೇಶಗಳನ್ನು ದಾಟಿ ಹೋಗಿ ಸಮುದ್ರ ಸೇರುತ್ತದೆ. ಆ ನದಿಯ ಮೇಲೆ ಮಾತ್ರ ನನಗೆ ಸ್ವಲ್ಪ ಕನಿಕರ ಹುಟ್ಟಿತು. ಸರಕಾರ ಇರುವುದು ಬರ್ನ್ ಎಂಬ ಊರಿನಲ್ಲಿ. ಎಲ್ಲರಿಗೂ ಗೊತ್ತಿರುವ ದೊಡ್ಡ ಊರುಗಳನ್ನು ಬಿಟ್ಟು ಅಲ್ಲಿ ಇಟ್ಟಿದ್ದಾರೆ. ಇಡೀ ದೇಶಕ್ಕೆ ನಾಲ್ಕು ಭಾಷೆ. ಜರ್ಮನ್, ಫ್ರೆಂಚ್, ಇಟಾಲಿಯನ್, ಮತ್ತೆ ಬೆಟ್ಟದ ಕೆಲವರು ಮಾತ್ರ ಆಡುವ ರೊಮಾನ್ಶ್ ಎಂಬ ಇನ್ನೊಂದು.

"ನಾಲ್ಕು ಭಾಷೆಯಲ್ಲಿ ಜಗಳ ಆಡ್ತಾರಾ?" ಎಂದೆ.

"ಅವರು ಜಗಳ ಆಡುವುದಿಲ್ಲ ಅಜ್ಜಿ. ವೋಟ್ ಮಾಡ್ತಾರೆ. ಎಲ್ಲದಕ್ಕೂ ವೋಟ್."

ದಿಕ್ಕಿನ ಪಾಠದಲ್ಲಿ ಮಾತ್ರ ನಮಗೆ ಎಡವಟ್ಟಾಯಿತು. ಆ ದೇಶದ ನೆರೆಯವರು ಐದು. ಯಾರು ಯಾವ ಕಡೆ ಎಂದು ನಾನು ಕಲಿಯಬೇಕು. ಇಂಗ್ಲಿಷಿನ ವೆಸ್ಟು ಈಸ್ಟು ನನ್ನ ತಲೆಗೆ ಹತ್ತಲಿಲ್ಲ. "ನಮ್ಮ ಮಾತಲ್ಲಿ ಹೇಳು ಮಗಾ. ಪಡು ಅಂದ್ರೆ ಸಮುದ್ರ ಇರುವ ಕಡೆ, ಮೂಡು ಅಂದ್ರೆ ಅದರ ಎದುರು" ಎಂದೆ.

"ಆದರೆ ಅಜ್ಜಿ, ಇಲ್ಲಿ ಸೀ ಈಸ್ಟಲ್ಲಿ ಉಂಟು!"

ಅದು ನನಗೆ ಗೊತ್ತಿಲ್ಲದ್ದಲ್ಲ. ಮೆಸಯೀದಿಗೆ ಬಂದ ಮರುದಿನವೇ ಬೆಳಿಗ್ಗೆ ಎದ್ದು ಕಿಟಕಿಯ ಪರದೆ ಸರಿಸಿದಾಗ, ಸೂರ್ಯ ಸಮುದ್ರದೊಳಗಿಂದ ಮೇಲೆ ಬರುತ್ತಿದ್ದ. ಹುಟ್ಟಿದಂದಿನಿಂದ ಸಮುದ್ರಕ್ಕೆ ಇಳಿಯುವ ಸೂರ್ಯನನ್ನೇ ನೋಡಿದವಳು ನಾನು. ನಮ್ಮ ಕರಾವಳಿಯಲ್ಲಿ ಮನೆಯ ಬಾಗಿಲು, ದೋಣಿಯ ಮೂತಿ, ಬಾವಿಯ ಕಟ್ಟೆ, ದಾರಿ ಕೇಳಿದವರಿಗೆ ಹೇಳುವ ಉತ್ತರ, ಎಲ್ಲದಕ್ಕೂ ಸಮುದ್ರವೇ ಗುರುತು. ಸಮುದ್ರ ಎಂದರೆ ಪಡು, ಪಡು ಎಂದರೆ ಸಮುದ್ರ. ಇಲ್ಲಿ ಯಾರೋ ಊರನ್ನು ತಿರುಗಿಸಿ ಇಟ್ಟುಬಿಟ್ಟಿದ್ದಾರೆ ಎಂದು ಆ ದಿನವೆಲ್ಲ ಬೈದಿದ್ದೆ.

"ಆಯ್ತು, ಇಲ್ಲಿ ಪಡು ಅಂದ್ರೆ ಮರಳಿನ ಕಡೆ" ಎಂದು ಒಪ್ಪಿಕೊಂಡೆ. ಮರಳಿನ ಕಿಟಕಿಯ ಹತ್ತಿರ ಒಂದು ಟೊಮೆಟೊ ಇಟ್ಟು ಅದನ್ನು ಫ್ರಾನ್ಸ್ ಮಾಡಿದೆವು. ಸಮುದ್ರದ ಕಿಟಕಿಗೆ ಆಸ್ಟ್ರಿಯಾ ಎಂದು ಒಂದು ಈರುಳ್ಳಿ, ಅದಕ್ಕೆ ಅಂಟಿಕೊಂಡು ಒಂದು ಬೆಳ್ಳುಳ್ಳಿ ಎಸಳು. ಅದರ ಹೆಸರು ಲಿಕ್ಟನ್‌ಸ್ಟೈನ್. ಒಂದು ಬೆಳ್ಳುಳ್ಳಿ ಎಸಳಿನಷ್ಟಿರುವ ದೇಶಕ್ಕೆ ಅಷ್ಟುದ್ದದ ಹೆಸರು ಯಾಕೆಂದು ಅದನ್ನೂ ಬೈದೆ.

ಆಮೇಲೆ ಸರಕಾರದ ಪಾಠ. ಅದರಲ್ಲಿ ನನಗೆ ಮೊದಲ ಸಲ ಆ ದೇಶದ ಮೇಲಿನ ಸಿಟ್ಟು ಒಂದು ಗಳಿಗೆ ಇಳಿಯಿತು.

"ಸೆವೆನ್ ಜನ ಅಜ್ಜಿ. ಪಾರ್ಲಿಮೆಂಟಿನವರು ಸೆಲೆಕ್ಟ್ ಮಾಡುವುದು. ಅವರೇ ಗವರ್ನಮೆಂಟ್. ಆ ಸೆವೆನಲ್ಲಿ ಒಬ್ಬರು ಪ್ರೆಸಿಡೆಂಟ್. ಒಂದೇ ವರ್ಷ. ನೆಕ್ಸ್ಟ್ ಇಯರ್ ಇನ್ನೊಬ್ಬರು."

"ಆ ಪ್ರೆಸಿಡೆಂಟು ಉಳಿದ ಆರು ಜನಕ್ಕೆ ಯಜಮಾನನಾ?"

"ಅಲ್ಲ. ಎಲ್ಲ ಸೇಮ್."

ನಾನು ಕತ್ತಿ ಕೆಳಗಿಟ್ಟೆ. ಇದು ನಮ್ಮ ಮಾರ್ಕೆಟಿನ ಕಟ್ಟೆಯೇ! ನಾವೂ ಏಳು ಹೆಂಗಸರು. ಗೇಟಿನ ಬಳಿಯ ಮುಂದಿನ ಜಾಗಕ್ಕಾಗಿ ಒಂದು ಕಾಲದಲ್ಲಿ ಬುಟ್ಟಿಗೆ ಬುಟ್ಟಿ ಹೊಡೆದಾಟ. ಅಲ್ಲಿ ಕೂತವಳ ಅಗ್ಗದ ಬೂತಾಯಿ ಮೀನೂ ಮೊದಲು ಖಾಲಿ, ಹಿಂದಿನವಳ ದುಬಾರಿ ಅಂಜಲ್‌ಗೂ ಗಿರಾಕಿ ಇಲ್ಲ. ಕೊನೆಗೆ ನಮ್ಮನಮ್ಮಲ್ಲೇ ಮಾತಾಯಿತು. ತಿಂಗಳಿಗೊಬ್ಬಳು ಮುಂದೆ ಕೂರುವುದು. ಮುನ್ಸಿಪಾಲ್ಟಿಯವರು ಬಂದರೆ ಎಲ್ಲರ ಪರವಾಗಿ ಮಾತಾಡುವುದು ಆ ತಿಂಗಳು ಮುಂದೆ ಕೂತವಳು. ಆದರೆ ಅವಳು ಯಾರಿಗೂ ಯಜಮಾನ್ತಿ ಅಲ್ಲ. ತಿಂಗಳು ಮುಗಿದ ಕೂಡಲೇ ಬುಟ್ಟಿ ಎತ್ತಿಕೊಂಡು ಹಿಂದೆ ಹೋಗಬೇಕು. ಇದನ್ನು ಹುಡುಗಿಗೆ ಹೇಳಿದೆ. ಬಾಯಿ ತೆರೆದು ಕೇಳಿದಳು. ಅವಳಿಗೆ ನನ್ನ ಕೆಲಸದ ವಿಷಯ ಗೊತ್ತಾದದ್ದೇ ಅವತ್ತು. ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಕುರ್ಚಿಯ ತೀರ್ಮಾನವನ್ನೂ ಅವಳೇ ಮಾಡಿದಳು. ರಾತ್ರಿ ಊಟದ ಹೊತ್ತಿಗೆ, "ನಾವೂ ವೋಟ್ ಮಾಡುವ, ಸ್ವಿಸ್ ಥರ" ಎಂದಳು. ಮಗಳು ನನಗೆ ಕೈ ಎತ್ತಿದಳು. ಅಳಿಯ ಅವನ ತಾಯಿಗೆ. ನಾವಿಬ್ಬರೂ ನಮಗೇ ಎತ್ತಿಕೊಂಡೆವು. ಉಳಿದದ್ದು ಒಂದೇ ವೋಟು. ಹುಡುಗಿ ತಟ್ಟೆ ನೋಡಿದಳು, ಬೀಗಿತಿಯನ್ನು ನೋಡಿದಳು, ನನ್ನ ಕಡೆ ಬೆರಳು ತೋರಿಸಿದಳು.

"ಯಾಕೆ ಪುಟ್ಟ?" ಎಂದಳು ಬೀಗಿತಿ. ಧ್ವನಿ ಸಣ್ಣಗಾಗಿತ್ತು.

"ನೀವು ಸ್ಲೀಪ್ ಮಾಡ್ತೀರಿ. ಈ ಅಜ್ಜಿ ಬೈತಾರೆ."

ಬೀಗಿತಿ ನನ್ನ ಕಡೆ ತಿರುಗಿದಳು. "ಗೊತ್ತುಂಟು ನನಗೆ. ದಿನಾ ಬಂಗುಡೆ ಹುರಿದು ಹಾಕಿ ವೋಟು ತಗೊಂಡ್ರಿ."

"ನೀವೂ ಹುರಿಯಬಹುದಿತ್ತು. ಮುಟ್ಟಿದರೆ ಕೈ ವಾಸನೆ ಬರ್ತದಲ್ಲಾ ನಿಮಗೆ."

"ಆಯ್ತು, ಹೋಗಿ. ಒಂದು ಮಾತು. ನನ್ನ ಮಗನ ಆಫೀಸಿನ ದೊಡ್ಡವರ ಮಕ್ಕಳೆಲ್ಲ ಅದೇ ಶಾಲೆ. ಅಲ್ಲಿ ಹೋಗಿ ಮೀನಿನ ಬುಟ್ಟಿ ಬಿಚ್ಚಬೇಡಿ. ಮಗುವಿನ ಮರ್ಯಾದೆ."

ಇನ್ನೊಂದು ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಮಗಳು ನನ್ನ ಕೈ ಹಿಡಿದಳು. "ಅಮ್ಮ, ಅದೊಂದು ಹೇಳಬೇಡ ಆಯ್ತಾ? ನನಗಾಗಿ." ನಾನು ಹೆತ್ತ ಮಗಳು, ಮೀನು ಮಾರಿ ಓದಿಸಿದ ಮಗಳು ಕೇಳಿದಳು. ಆಯ್ತು ಎಂದೆ. ಅರ್ಧ ಉಂಡ ತಟ್ಟೆ ಎತ್ತಿಕೊಂಡು ಎದ್ದೆ.

ಆ ದಿನ ಬಂತು. ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ಸಾಲಿನಲ್ಲಿ ಬೀಗಿತಿ, ಜರಿ ಸೀರೆ ಉಟ್ಟು, ತಾನೇ ಪರೀಕ್ಷೆ ಮಾಡಲು ಬಂದವಳ ಹಾಗೆ. ಸ್ಟೇಜಿನ ನೆಲದ ಮೇಲೆ ದೊಡ್ಡದೊಂದು ಬಟ್ಟೆ ಹಾಸಿ, ಅದರಲ್ಲಿ ದೇಶದ ಆಕಾರವನ್ನು ಮಾತ್ರ ಬರೆದಿದ್ದರು. ಮಗು ಹೆಸರಿನ ಕಾರ್ಡು ಓದಿ ದಿಕ್ಕು ಹೇಳಬೇಕು. ಅಜ್ಜಿ ಅದನ್ನು ಒಯ್ದು ಸರಿಯಾದ ಕಡೆ ಇಡಬೇಕು. ಮಗು ಕುರ್ಚಿಯಿಂದ ಏಳುವ ಹಾಗಿಲ್ಲ.

"ಜರ್ಮನಿ. ಬಡಗು, ಅಜ್ಜಿ!" ಪರದೆಯ ಕಡೆ ಇಟ್ಟೆ. ಸರಿ.

"ಇಟಲಿ. ತೆಂಕು!" ಜನರ ಕಡೆ ಇಟ್ಟೆ. ಅದೂ ಸರಿ.

"ಫ್ರಾನ್ಸ್. ಪಡು!"

ಕಣ್ಣು ಕಟ್ಟಿ ಎಲ್ಲಿ ಬಿಟ್ಟರೂ ಸಮುದ್ರ ಯಾವ ಕಡೆ ಎಂದು ನನಗೆ ತಿಳಿಯುತ್ತದೆ. ಮೆಸಯೀದಿನಿಂದ ಶಾಲೆಗೆ ಬರುವಾಗ ದಾರಿಯುದ್ದಕ್ಕೂ ಅದು ನನ್ನ ಬಲಕ್ಕಿತ್ತು. ಪರದೆಯ ಕಡೆ ಮುಖ ಮಾಡಿ ನಿಂತರೆ ಈಗಲೂ ಬಲಕ್ಕೇ ಇತ್ತು, ಗೋಡೆಯ ಆಚೆ. ಪಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಟೊಮೆಟೊ ಮರೆತುಹೋಯಿತು, ಮರಳು ಮರೆತುಹೋಯಿತು, ಕಾಲು ತಾನಾಗಿ ಸಮುದ್ರದ ಕಡೆ ನಡೆಯಿತು. ಫ್ರಾನ್ಸನ್ನು ಅಲ್ಲಿ ಇಟ್ಟೆ. ಆಸ್ಟ್ರಿಯಾ ಮೂಡು ಎಂದಾಗ ಅದರ ಎದುರಿಗೆ ಹೋಗಿ ಇಟ್ಟೆ, ಪಕ್ಕದಲ್ಲೇ ಆ ಬೆಳ್ಳುಳ್ಳಿ ಎಸಳನ್ನೂ ಇಟ್ಟೆ. ಇಟ್ಟು, ಸೊಂಟಕ್ಕೆ ಕೈ ಕೊಟ್ಟು, ಗೆದ್ದವಳ ಹಾಗೆ ನಿಂತೆ.

ಹುಡುಗಿಯ ಮುಖ ನೋಡಿದೆ. ಬಿಳುಚಿಕೊಂಡಿತ್ತು. "ಅಜ್ಜಿ... ಅದು ಸೀ ಸೈಡ್!"

ಗಂಟೆ ಹೊಡೆಯಿತು. ಐದರಲ್ಲಿ ಮೂರು ತಪ್ಪು.

ಕೆಳಗಿಂದ ಬೀಗಿತಿ ಪಕ್ಕದವಳಿಗೆ ಹೇಳುವ ನೆಪದಲ್ಲಿ ಸ್ಟೇಜಿಗೇ ಕೇಳುವ ಹಾಗೆ ಹೇಳಿದಳು, "ನೋಡಿ, ಫ್ರಾನ್ಸ್ ಹೋಗಿ ಎಲ್ಲಿ ಕೂತಿತು ನೋಡಿ! ನಾನು ಆಗಲೇ ಹೇಳಿದ್ದೆ."

ನನ್ನ ಕಿವಿ ಕಾದ ಕಾವಲಿಯಾಯಿತು. ಮೈಕ್ ಹಿಡಿದಿದ್ದ ಮೇಷ್ಟ್ರು ಕೊನೆಯ ಪ್ರಶ್ನೆ ಕೇಳಿದರು. ಹುಡುಗಿ ನನಗೆ ಪಿಸುಗುಟ್ಟಿದಳು, "ಆ ದೇಶವನ್ನು ಆಳುವುದು ಯಾರು, ಪ್ರೆಸಿಡೆಂಟಿಗೆ ಪವರ್ ಎಷ್ಟು ಅಂತ ಕೇಳ್ತಾರೆ." ಅವಳಿಗೆ ಗೊತ್ತಿದ್ದ ಉತ್ತರವೇ. ಆದರೆ ಬಾಯಿ ತೆರೆದರೆ ಅಳು ಬರುತ್ತಿತ್ತು. ಎರಡು ಸಲ ತೆರೆದಳು, ಮುಚ್ಚಿದಳು. ಕಣ್ಣು ತುಂಬಿತು. ಹಾಲಿನಲ್ಲಿ ಯಾರೋ ಕೆಮ್ಮಿದರು.

ನಾನು ಮಗಳ ಕಡೆ ನೋಡಿದೆ. ಮಡಿಲಲ್ಲಿ ಮಗು ಹಿಡಿದು ಕೂತಿದ್ದಳು. ಕೊಟ್ಟ ಮಾತು ನೆನಪಿತ್ತು. ಮಾತು ಮಗಳದು, ಕಣ್ಣೀರು ಮೊಮ್ಮಗಳದು. ನಾನು ಕುರ್ಚಿಯಲ್ಲಿ ಕೂತದ್ದು ಯಾರಿಗಾಗಿ?

"ನಾನು ಹೇಳ್ತೇನೆ, ನೀನು ಇಂಗ್ಲಿಷ್ ಮಾಡು" ಎಂದೆ. "ಹೇಳು ಮಗಾ, ಅಲ್ಲಿ ಯಜಮಾನ ಯಾರೂ ಇಲ್ಲ. ಏಳು ಜನ ಒಟ್ಟಿಗೆ ಆಳುವುದು. ನಮ್ಮ ಮೀನು ಮಾರ್ಕೆಟಿನ ಕಟ್ಟೆಯ ಹಾಗೆ."

ಅವಳು ಮೂಗೆಳೆದುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. ಹಾಲಿನಲ್ಲಿ ಸಣ್ಣ ನಗು.

"ನಾವು ಏಳು ಹೆಂಗಸರು ಕೂತು ಮೀನು ಮಾರುವುದು. ಮುಂದಿನ ಜಾಗ ಸರದಿಯ ಮೇಲೆ. ಅಲ್ಲಿ ಅದು ವರ್ಷಕ್ಕೊಬ್ಬರು, ನಮ್ಮಲ್ಲಿ ತಿಂಗಳಿಗೊಬ್ಬರು. ಮುಂದೆ ಕೂತವರು ಬಂದವರ ಹತ್ತಿರ ಮಾತಾಡಬಹುದು, ಹಿಂದೆ ಕೂತವರಿಗೆ ಅಪ್ಪಣೆ ಕೊಡುವ ಹಾಗಿಲ್ಲ. ಅಪ್ಪಣೆ ಕೊಟ್ಟರೆ ನೀರು ಎರಚುವುದು."

ನೀರು ಎರಚುವ ಮಾತಿಗೆ ಬರುವಷ್ಟರಲ್ಲಿ ಅವಳೇ ನಗುತ್ತಿದ್ದಳು. ಕೈ ಬೀಸಿ ಎರಚಿ ತೋರಿಸಿದಳು. ಇಡೀ ಸಭೆ ಗೊಳ್ಳೆಂದಿತು. ನಗಲಿ, ಎಷ್ಟು ಬೇಕಾದರೂ ನಗಲಿ. ಮುಂದಿನ ಸಾಲಿನಲ್ಲಿ ಬೀಗಿತಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು.

ಆಮೇಲೆ ನಾನು ಹೇಳಿಕೊಡದ ಒಂದು ಮಾತನ್ನು ಹುಡುಗಿ ಹೇಳಿದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷ್ ಬೆರೆಸದೆ ಉತ್ತರ ಕೊಡದ ಹುಡುಗಿ, ಎದ್ದು ನಿಂತು, ಮೈಕಿಗೆ ಬಾಯಿ ತಾಗಿಸಿ, ಕನ್ನಡದಲ್ಲಿ ಹೇಳಿದಳು.

"ಇವರು ನನ್ನ ಅಜ್ಜಿ. ನನ್ನ ಅಜ್ಜಿ ಮೀನು ಮಾರ್ತಾ ಇದ್ರು."

ಹಾಲಿನ ಅರ್ಧ ಜನಕ್ಕೆ ಅದು ಅರ್ಥವಾಗಿರಲಿಕ್ಕಿಲ್ಲ. ಆದರೂ ಚಪ್ಪಾಳೆ ತಟ್ಟಿದರು. ನನಗೆ ಆ ಚಪ್ಪಾಳೆ ಸರಿಯಾಗಿ ಕೇಳಲೇ ಇಲ್ಲ. ಒಂದೇ ಒಂದು ಇಂಗ್ಲಿಷ್ ಶಬ್ದವಿಲ್ಲದ ಆ ಮಾತು ಕಿವಿಯಲ್ಲಿ ತುಂಬಿಕೊಂಡಿತ್ತು. ಈಗ ಬರೆಯುವಾಗಲೂ ಎದೆ ಉಬ್ಬಿ ಉಸಿರು ಸಿಕ್ಕಿಕೊಳ್ಳುತ್ತದೆ. ಇನ್ನು ನನಗೆ ಯಾರು ಏನು ಹೇಳಿದರೆ ಏನು?

ಬಹುಮಾನ ನಮಗೆ ಸಿಗಲಿಲ್ಲ. ಜಪಾನಿನವರಿಗೆ ಸಿಕ್ಕಿತು. ಜಪಾನಿಗೆ ಸುತ್ತ ಸಮುದ್ರ. ನಾಲ್ಕು ಕಡೆ ನೀಲಿ ಕಾರ್ಡು ಇಟ್ಟರೆ ಆಯಿತು, ಅದರಲ್ಲಿ ತಪ್ಪಲಿಕ್ಕೆ ಎಂತ ಉಂಟು?

ಹೊರಗೆ ಬರುವಾಗ ಅಳಿಯನ ದೊಡ್ಡ ಸಾಹೇಬರ ಹೆಂಡತಿ ನನ್ನನ್ನು ನಿಲ್ಲಿಸಿದಳು. ಬೀಗಿತಿ ಉಸಿರು ಬಿಗಿಹಿಡಿದಳು. ಆ ಹೆಂಗಸು ಕೇಳಿದ್ದು ಇಷ್ಟೇ. "ಆಂಟಿ, ಸೂಪರ್‌ಮಾರ್ಕೆಟಲ್ಲಿ ಅಂಜಲ್ ತಗೊಳ್ಳುವಾಗ ತಾಜಾ ಅಂತ ಹೇಗೆ ನೋಡುವುದು?" ಕಿವಿರು ಎತ್ತಿ ನೋಡಬೇಕು, ಕೆಂಪಿರಬೇಕು, ಬೆರಳು ಒತ್ತಿದರೆ ಗುಂಡಿ ಉಳಿಯಬಾರದು ಎಂದು ನಿಂತಲ್ಲೇ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ.

ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾವು ಮೂವರು. ಹುಡುಗಿ ನಡುವೆ. ಮುಂದೆ ಮಗಳು ಮಗುವಿಗೆ ತಟ್ಟುತ್ತಾ ಕೂತಿದ್ದಳು. ನನ್ನ ಕಡೆ ಒಮ್ಮೆ ತಿರುಗಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅಷ್ಟು ಸಾಕು. ಬೀಗಿತಿ ಬಳೆ ತಿರುಗಿಸುತ್ತಾ ಕೂತಿದ್ದಳು. ಅವಳು ಬಳೆ ತಿರುಗಿಸಿದರೆ ಒಳಗೆ ಏನೋ ಕುದಿಯುತ್ತಿದೆ ಎಂದೇ ಅರ್ಥ.

"ಇಡೀ ಕಂಪನಿಗೆ ಗೊತ್ತಾಯಿತು" ಎಂದಳು ಕೊನೆಗೆ.

"ಗೊತ್ತಾಗಲಿ. ನಾಳೆ ಬಂಗುಡೆ ಹುರಿಯುವಾಗ ಗೊತ್ತಾದವರನ್ನೆಲ್ಲ ಊಟಕ್ಕೆ ಕರೆಯಿರಿ."

"ಮುಂದಿನ ವರ್ಷ ನಾನು ಕೂರುವುದು."

"ಯಾವ ಲೆಕ್ಕದಲ್ಲಿ?"

"ನಿಮ್ಮದೇ ಲೆಕ್ಕದಲ್ಲಿ. ಮುಂದಿನ ಜಾಗ ಸರದಿಯ ಮೇಲೆ ಅಂತ ಅಷ್ಟು ಜನರ ಮುಂದೆ ಮೈಕಲ್ಲಿ ಹೇಳಿದ್ದು ನಾನಾ? ವರ್ಷ ಮುಗಿದ ಮೇಲೆ ಬುಟ್ಟಿ ಎತ್ತಿಕೊಂಡು ಹಿಂದೆ ಹೋಗಬೇಕು. ಹೋಗಿ."

"ಯೆಸ್! ರೂಲ್ ಅಜ್ಜಿ, ರೂಲ್!" ಎಂದು ಹುಡುಗಿ ಬೇರೆ ಕೈ ತಟ್ಟಿದಳು. ಸ್ಟೀರಿಂಗ್ ಹಿಡಿದ ಅಳಿಯನ ಹೆಗಲು ಅಲುಗಾಡುತ್ತಿತ್ತು. ನಗುತ್ತಿದ್ದ. ನಾನು ಮನಸ್ಸಿನಲ್ಲೇ ಆ ದೇಶವನ್ನೂ ಅದರ ಏಳು ಜನರನ್ನೂ ಒಬ್ಬೊಬ್ಬರನ್ನಾಗಿ ಬೈದೆ.

"ಮುಂದಿನ ವರ್ಷ ಪಡು ಯಾವುದು, ಮೂಡು ಯಾವುದು ಅಂತ ನನ್ನ ಹತ್ತಿರ ಕೇಳಬೇಡಿ" ಎಂದೆ.

"ಕೇಳುತ್ತೇನಾ? ನೀವು ಹೇಳಿದ್ದಕ್ಕೆ ಎದುರು ಇಟ್ಟರೆ ಸರಿಯಾಗುತ್ತದೆ."

ಬಲಕ್ಕೆ ಮರಳು ಓಡುತ್ತಿತ್ತು, ಮಾತಿನ ನಡುವೆಯೇ ಹುಡುಗಿಗೆ ನಿದ್ದೆ ಹತ್ತಿತು. ರಸ್ತೆಯ ಉಬ್ಬಿನಲ್ಲಿ ಕಾರು ಕುಲುಕಿದಾಗ ಅವಳ ತಲೆ ವಾಲಿ ಬೀಗಿತಿಯ ಹೆಗಲ ಮೇಲೆ ಬಿತ್ತು. ಬೀಗಿತಿ ನನ್ನ ಕಡೆ ನೋಡಿ ಗೆದ್ದ ನಗೆ ನಕ್ಕಳು.

ನಾನು ಮೆಲ್ಲಗೆ ಕೈ ಹಾಕಿ, ಎಚ್ಚರವಾಗದ ಹಾಗೆ ಆ ತಲೆಯನ್ನು ಎತ್ತಿ, ನನ್ನ ಹೆಗಲಿಗೆ ಒರಗಿಸಿಕೊಂಡೆ.

"ಎಂತದು ಇದು?" ಎಂದಳು.

"ನನ್ನ ವರ್ಷ ಇನ್ನೂ ಮುಗಿದಿಲ್ಲ" ಎಂದೆ.